ಗಾರ್ಡು ಎತ್ತಿದವರು

ಆಸ್ಪತ್ರೆಯ ಲಾಂಡ್ರಿಯ ಇಸ್ತ್ರಿಯಕ್ಕ ನಂಬಿ ಹೇಳಿದ ಮಾತನ್ನು ಕಾನೂನು ಓದುವ ಹುಡುಗಿ ಇಡೀ ತರಗತಿಯ ಮುಂದೆ ಓದಿದಳು. ಕೇಳಿಸಿಕೊಂಡವರಲ್ಲಿ ಆಸ್ಪತ್ರೆಯ ವಕೀಲರೂ ಒಬ್ಬರು.

ಈಗ ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಅದೇ ವಕೀಲರು ಕನ್ನಡಕ ತೆಗೆದು, ಟೈಯ ತುದಿಯಲ್ಲಿ ಒರೆಸಿ, ಮತ್ತೆ ಮೂಗಿಗೇರಿಸಿ, ಮನೆಮಂದಿಯ ಯೋಗಕ್ಷೇಮ ವಿಚಾರಿಸುವ ದನಿಯಲ್ಲಿ ಕೇಳಿದರು:

"ನೋಡಮ್ಮ, ಒಂದೇ ಒಂದು ಪ್ರಶ್ನೆ. ಅವತ್ತು ರೋಲರಿನ ಗಾರ್ಡು ಎತ್ತಿದ್ದು ಯಾರು?"

ಒಗೆದು ಬಿಳುಪೇರಿದ ಬಟ್ಟೆಯಲ್ಲಿ ಸುತ್ತಿದ ಬಲಗೈ ಇಸ್ತ್ರಿಯಕ್ಕನ ಮಡಿಲಲ್ಲಿತ್ತು. ಅವಳ ಪರವಾಗಿ ವಾದಿಸಲು ಬಂದಿದ್ದ ಫಾದರ್ ಪಕ್ಕದಲ್ಲೇ ಕೂತಿದ್ದರು, ಬಿಳಿ ನಿಲುವಂಗಿಯ ಮೇಲೆ ಕರಿ ಕೋಟು ಹಾಕಿಕೊಂಡು. ಅವಳು ಅವರತ್ತ ನೋಡಲಿಲ್ಲ. ಕತ್ತು ತಿರುಗಿಸಿ ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಹೋಗಿದ್ದವರು ಬಂದು ತೆರೆದ ಬಾಗಿಲನ್ನು ಕಂಡಾಗ ನೋಡುವಂತೆ ನೋಡಿದಳು.

"ನಾನೇ" ಎಂದಳು.

"ನಿಮ್ಮ ಕೈಯಿಂದಲೇ?"

"ನನ್ನ ಕೈಯಿಂದಾನೇ ಸಾರ್. ಆದ್ರೆ ಎತ್ತು ಅಂತ ಹೇಳಿದ್ದು..."

"ಅಷ್ಟು ಸಾಕಮ್ಮ."

ಅಧಿಕಾರಿ ಬರೆದುಕೊಂಡರು. ಫಾದರ್ ಅರ್ಧ ಎದ್ದರು, ಮುಂದಿದ್ದ ಕಾಗದಗಳನ್ನು ಸರಿಮಾಡಿದರು, ಮತ್ತೆ ಕೂತರು. ಯಂತ್ರದ ಕಾವಲನ್ನು ಕೆಲಸಗಾರರು ತಾವಾಗಿಯೇ ತೆಗೆದು ಗಾಯಮಾಡಿಕೊಂಡರೆ ಪರಿಹಾರವಿಲ್ಲ ಎಂಬುದು ಕಾನೂನು ಓದುವ ಎಲ್ಲರಿಗೂ ಗೊತ್ತಿರುವ ಮಾತು. ಹುಡುಗಿಗೂ ಗೊತ್ತಿತ್ತು. ತರಗತಿಯಲ್ಲಿ ಓದುವಾಗಲೂ ಗೊತ್ತಿತ್ತು.

ಕಾನೂನು ಕಾಲೇಜು, ಆಸ್ಪತ್ರೆ, ಪ್ರಾರ್ಥನಾಲಯ, ಮೂರೂ ಒಂದೇ ಗೋಡೆಯ ಒಳಗಿದ್ದವು; ಮೂರನ್ನೂ ನಡೆಸುವುದು ಒಂದೇ ಧರ್ಮಸಭೆ. ಬಡವರಿಗೆ ಬಿಟ್ಟಿಯಾಗಿ ಸಲಹೆ ಕೊಡುವ ಕಾನೂನು ನೆರವಿನ ಕೋಣೆ ಪ್ರಾರ್ಥನಾಲಯದ ಮಗ್ಗುಲಲ್ಲಿತ್ತು. ಮೊದಲು ಅಲ್ಲಿ ಕಾಲು ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದರು. ಫಾದರ್ ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಶಿಲುಬೆಯ ಕೆಳಗೆ ತಮ್ಮ ಕೈಯಾರೆ ಬರೆದ ಹಲಗೆ ತೂಗುಹಾಕಿದ್ದರು: 'ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ.' ಪಾಪನಿವೇದನೆ ಕೇಳಿದ ಗುರು ಹೇಗೋ, ಕಕ್ಷಿದಾರರ ಮಾತು ಕೇಳಿದ ವಕೀಲರೂ ಹಾಗೆಯೇ ಎಂದು ಅವರು ಮೊದಲ ಪಾಠದಲ್ಲೇ ಕಲಿಸುತ್ತಿದ್ದರು.

ಇಸ್ತ್ರಿಯಕ್ಕ ಬಂದಾಗ ಮೇಜಿನ ಈ ಕಡೆ ಕೂತಿದ್ದು ಹುಡುಗಿ.

"ಹೊರಗಿನ ಲಾಯರ ಹತ್ರ ಹೋಗು ಅಂದ್ರು ಎಲ್ರೂ. ನಾನೇ ಬೇಡ ಅಂದೆ" ಎಂದಿದ್ದಳು ಅವಳು. "ಹೋದ್ರೆ ಸಿಸ್ಟರ್‌ಗೆ ಬೇಜಾರಾಗುತ್ತೆ. ಫಾದರ್ ಅಂದ್ರೆ ನಮ್ಮವರು, ನೀವು ಅಂದ್ರೆ ನಮ್ಮ ನರ್ಸಮ್ಮನ ಮಗಳು. ಅಲ್ವಾ ಲಾಯರಮ್ಮ?"

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಹೊದಿಕೆ, ಹಾಸಿಗೆ ಬಟ್ಟೆಗಳನ್ನು ಬಿಸಿ ರೋಲರಿಗೆ ಕೊಡುವ ಕಡೆ ಕೈ ಸಿಗದಂತೆ ಒಂದು ತಗಡಿನ ಗಾರ್ಡು ಇತ್ತು. ಅದರ ಸ್ಪ್ರಿಂಗು ಹೋಗಿ ಬಹಳ ಕಾಲವಾಗಿತ್ತು. ಗಾರ್ಡು ಬಟ್ಟೆಯ ಮೇಲೆ ಕೂತು ಯಂತ್ರ ನಿಂತುಬಿಡುತ್ತಿತ್ತು. ಲಾಂಡ್ರಿ ನೋಡಿಕೊಳ್ಳುವ ವಯಸ್ಸಾದ ಸಿಸ್ಟರ್ ಬಾಗಿಲಲ್ಲಿ ನಿಂತು ಕೂಗಿದ್ದರು: "ಎತ್ತಿ ಕಟ್ಟಿಬಿಡೇ ಅದನ್ನ, ಆಪರೇಷನ್‌ಗೆ ಬಟ್ಟೆ ಬೇಕು!" ಇಸ್ತ್ರಿಯಕ್ಕ ಎತ್ತಿ ಕಟ್ಟಿದಳು.

"ನಾನೇ ಎತ್ತಿದ್ದು ಅನ್ನೋದನ್ನ ಯಾರಿಗೂ ಹೇಳಿಲ್ಲ ಲಾಯರಮ್ಮ. ನಿಮ್ಮ ಹೊಟ್ಟೇಲಿರ್ಲಿ. ಹೇಗೆ ಹೇಳ್ಬೇಕು, ಯಾವಾಗ ಹೇಳ್ಬೇಕು ಅಂತ ನೀವೇ ನೋಡಿ."

ಪ್ರತಿ ಶುಕ್ರವಾರ ಫಾದರ್ ನೀತಿಶಾಸ್ತ್ರದ ತರಗತಿಯಲ್ಲಿ ಒಬ್ಬೊಬ್ಬರಿಂದ ಒಂದೊಂದು 'ಮನಸ್ಸಾಕ್ಷಿಯ ಪ್ರಸಂಗ' ಓದಿಸುತ್ತಿದ್ದರು. ನಡೆದ ಸಂಗತಿಯೊಂದನ್ನು ತೆಗೆದುಕೊಂಡು, ಹೆಸರು ಅಳಿಸಿ, ಇಲ್ಲಿ ಸರಿ ಯಾವುದು ತಪ್ಪು ಯಾವುದು ಎಂದು ವಾದಿಸಬೇಕು. ಆ ಕಾಲೇಜಿನ ಹೆಮ್ಮೆಯೇ ಅದು. ಹಳೆಯ ವಿದ್ಯಾರ್ಥಿಗಳು, ದೊಡ್ಡ ದೊಡ್ಡ ವಕೀಲರು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. "ಹೆಸರು ಬೇಡ, ಊರು ಬೇಡ" ಎನ್ನುತ್ತಿದ್ದರು ಫಾದರ್. "ಪ್ರಶ್ನೆಗೆ ಬೇಡದ ಮಾಂಸವನ್ನೆಲ್ಲ ಕೆರೆದು ಹಾಕಿ. ಮೂಳೆ ಕಾಣಿಸಬೇಕು."

ಹುಡುಗಿ ಕೆರೆದಳು. ಕೆರೆಯುವುದರಲ್ಲಿ ಅವಳದು ಎತ್ತಿದ ಕೈ; ಗೆಳತಿಯರು ಅವಳನ್ನು 'ಪಾಯಿಂಟು' ಎಂದೇ ಕರೆಯುತ್ತಿದ್ದರು. ಸಿಸ್ಟರ್ ಕೂಗಿದ್ದು ಮಾಂಸ. ಸ್ಪ್ರಿಂಗು ಮುರಿದದ್ದು ಮಾಂಸ. ಅವನ್ನು ಇಟ್ಟುಕೊಂಡರೆ ಪ್ರಸಂಗದ ಅಂಚು ಮೊಂಡಾಗುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು: ಒಬ್ಬ ಕೆಲಸದಾಕೆ ಯಂತ್ರದ ಗಾರ್ಡನ್ನು ತಾನೇ ಎತ್ತಿದೆನೆಂದು ವಕೀಲೆಯ ಬಳಿ ಒಪ್ಪಿಕೊಳ್ಳುತ್ತಾಳೆ, ಮೌನವಾಗಿರುವ ವಕೀಲೆ ಸುಳ್ಳಿನಲ್ಲಿ ಪಾಲುದಾರಳೇ? ಗುಟ್ಟು ಕಾಯುವುದು ಯಾಕೆ ಪವಿತ್ರ ಕರ್ತವ್ಯ ಎಂದು ಅವಳು ಚೆಂದವಾಗಿ ವಾದಿಸಿದಳು. ದನಿ ಎಲ್ಲಿ ಏರಬೇಕೋ ಅಲ್ಲಿ ಏರಿತು. ಚಪ್ಪಾಳೆ ಬಿತ್ತು.

ಆಗ ಮುಂದಿನ ಸಾಲಿನಿಂದ ಆಸ್ಪತ್ರೆಯ ವಕೀಲರು ಕೈ ಎತ್ತಿದ್ದರು. ಅವರೂ ಅದೇ ಕಾಲೇಜಿನಲ್ಲಿ ಓದಿದವರು. "ತುಂಬಾ ಚೆನ್ನಾಗಿತ್ತಮ್ಮ. ತಿಳ್ಕೊಳ್ಳೋಕೆ ಕೇಳ್ತಿದೀನಿ, ಗಾರ್ಡು ಅಂದ್ರೆ ನೀರು ಹಿಂಡೋ ಯಂತ್ರದ್ದಾ, ಇಸ್ತ್ರಿ ರೋಲರಿಂದಾ?"

"ರೋಲರಿಂದು ಸಾರ್" ಎಂದಿದ್ದಳು ಹುಡುಗಿ. ದೊಡ್ಡವರೊಬ್ಬರು ಪ್ರಶ್ನೆ ಕೇಳಿದರಲ್ಲ ಎಂಬ ಖುಷಿಗೆ ಮುಖ ಅರಳಿತ್ತು. ಆ ಗೋಡೆಯ ಒಳಗೆ ಇರುವುದು ಒಂದೇ ಲಾಂಡ್ರಿ, ಒಂದೇ ರೋಲರು, ಕೈಗೆ ಬಟ್ಟೆ ಸುತ್ತಿಕೊಂಡು ಓಡಾಡುವ ಒಬ್ಬಳೇ ಹೆಂಗಸು. ಇದು ತರಗತಿಯಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ. ಹೊಳೆದವರು ಸುಮ್ಮನಿದ್ದರು. ಹೆಸರು ಹೇಳಿರಲಿಲ್ಲವಲ್ಲ.

ಅಧಿಕಾರಿಯ ಕೋಣೆಯಲ್ಲಿ ಅವತ್ತಿನ ವಿಚಾರಣೆ ಮುಂದಕ್ಕೆ ಹೋಯಿತು. ಹೊರಗೆ ಮೆಟ್ಟಿಲ ಬಳಿ ಹುಡುಗಿ "ಅಕ್ಕಾ" ಎಂದಳು. ಇಸ್ತ್ರಿಯಕ್ಕ ನಿಲ್ಲದೆ, ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ, "ಜ್ವರ ಬಂದ ಹಾಗಿದೆ ಮುಖ. ಮನೆಗೋಗಿ ಮಲ್ಕೊಳ್ಳಿ" ಎಂದಳು.

ಮನೆಯಲ್ಲಿ ಅಮ್ಮ ಪಾಳಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಸುದ್ದಿ ಹುಡುಗಿಗಿಂತ ಮುಂಚೆ ಅಮ್ಮನ ವಾರ್ಡು ತಲುಪಿತ್ತು.

"ಅವಳ ಕೈ ಡ್ರೆಸ್ಸಿಂಗ್ ಮಾಡಿದ್ದು ನಾನು ಕಣೇ" ಎಂದಳು ಅಮ್ಮ. "ಬೆರಳಿದ್ದ ಜಾಗಕ್ಕೆ ಹತ್ತಿ ಇಡ್ತಾ ಇದ್ರೆ, ಅವಳು ಹಲ್ಲು ಕಚ್ಕೊಂಡು ನಗ್ತಾ ಇದ್ಲು. 'ನಿಮ್ಮ ಮಗಳು ನನ್ನ ಕೇಸು ನೋಡ್ತಿದಾಳೆ ನರ್ಸಮ್ಮ, ಇನ್ನೇನು ಬಿಡಿ' ಅಂತಿದ್ಲು. ನಾನೂ ಉಬ್ಬಿಹೋದೆ. ನಾಳೆ ಯಾವ ಮುಖ ಇಟ್ಕೊಂಡು ಆ ಲಾಂಡ್ರಿ ಮುಂದೆ ಹೋಗ್ಲಿ?"

"ಹೆಸರು ಹೇಳಿರ್ಲಿಲ್ಲಮ್ಮ."

"ಹೂಂ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೇಳ್ದೆ. ರೋಲರಿಗೆ ಗಾರ್ಡು ಹಾಕಿದ್ದವರು ನಿನ್ನ ಬಾಯಿಗೂ ಒಂದು ಹಾಕ್ಬೇಕಿತ್ತು."

ಹುಡುಗಿ ಗೋಡೆಗೆ ಒರಗಿ ನೆಲದಲ್ಲಿ ಕೂತಳು. ಅತ್ತರೆ ಅಮ್ಮ ಸಮಾಧಾನ ಮಾಡುತ್ತಾಳೆ ಎಂದು ಗೊತ್ತಿತ್ತು. ಅದಕ್ಕೇ ಅಳು ಬರಲಿಲ್ಲ. ಅಮ್ಮ ದನಿ ತಗ್ಗಿಸಿ, "ಆದದ್ದಾಯ್ತು. ಇನ್ನು ಕೆದಕೋಕೆ ಹೋಗ್ಬೇಡ. ನಾನು ಅದೇ ಆಸ್ಪತ್ರೇಲಿ ಅನ್ನ ತಿನ್ನೋಳು" ಎಂದಳು. ಹೇಳಿದ್ದು ತನಗೇ ಹಿಡಿಸದವಳಂತೆ ಬಕೆಟ್ಟಿನಿಂದ ಕಾಲು ತೆಗೆದು, ಒರೆಸಿಕೊಳ್ಳದೆ, ಒದ್ದೆ ಹೆಜ್ಜೆಗಳನ್ನು ಬಿಡುತ್ತ ಒಳಗೆ ಹೋದಳು.

ಶುಕ್ರವಾರ ತರಗತಿಗೆ ಮುಂಚೆ ಪ್ರಾರ್ಥನಾಲಯದಲ್ಲಿ ಪೂಜೆ. ಪ್ರಸಾದ ಸ್ವೀಕರಿಸಲು ಸಾಲು ಸಾಲಾಗಿ ಎದ್ದರು. ಹುಡುಗಿ ಏಳಲಿಲ್ಲ. ಅವಳ ಮೊಣಕಾಲು ದಾಟಿ ಹೋಗಲು ಗೆಳತಿಯರು ಬಟ್ಟೆ ಒತ್ತಿ ಹಿಡಿದು, ಪಕ್ಕಕ್ಕೆ ವಾಲಿ, ತಿಣುಕಾಡಿದರು. ಬಾಯಿ ಮುಚ್ಚದ ಕಾರಣಕ್ಕೆ 'ರೇಡಿಯೋ' ಎನಿಸಿಕೊಂಡಿದ್ದ ಗೆಳತಿ ಬಗ್ಗಿ, "ಏನೇ ಪಾಯಿಂಟು, ಪ್ರಸಾದಕ್ಕೆ ಮುಂಚೇನೇ ತಿಂಡಿ ತಿಂದ್ಬಿಟ್ಯಾ?" ಎಂದು ಪಿಸುಗುಟ್ಟಿದಳು. ಇಡೀ ಬೆಂಚು ಖಾಲಿಯಾಯಿತು. ಪೀಠದ ಮೆಟ್ಟಿಲಿನಿಂದ ಫಾದರ್ ನೋಡಿದರು, ಕೈಯಲ್ಲಿದ್ದ ಬಟ್ಟಲಿನ ಮೇಲಿಂದ. ಮನಸ್ಸಿನ ಮೇಲೆ ಪಾಪದ ಭಾರವಿರುವವರು ಪ್ರಸಾದ ಮುಟ್ಟುವುದಿಲ್ಲ; ಖಾಲಿ ಬೆಂಚಿನಲ್ಲಿ ಒಬ್ಬಳೇ ಕೂತಿರುವುದೆಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯುತ್ತದೆ. ಹುಡುಗಿ ಮುಂದಿನ ಬೆಂಚಿನ ಹಿಂಭಾಗದಲ್ಲಿ ಯಾರೋ ಉಗುರಿನಿಂದ ಗೀಚಿದ್ದ ಒಂದು ಗೆರೆಯನ್ನೇ ನೋಡುತ್ತ ಕೂತಳು.

ತರಗತಿಯಾದ ಮೇಲೆ ಫಾದರ್ ಕೋಣೆಗೆ ಕರೆಸಿಕೊಂಡರು. ಒಳ್ಳೆಯ ಮನುಷ್ಯ ಅವರು; ಇದನ್ನು ಹುಡುಗಿ ಅಂದೂ ಅಲ್ಲಗಳೆಯಲಿಲ್ಲ. ಅವಳ ಅಪ್ಪ ತೀರಿಕೊಂಡಾಗ ಗುಂಡಿಯ ಬದಿಯಲ್ಲಿ ಬಿಸಿಲಿಗೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದವರು. ತಮ್ಮ ಬೂಟನ್ನು ತಾವೇ ಪಾಲಿಶ್ ಮಾಡಿಕೊಳ್ಳುವವರು.

"ಕೂತ್ಕೋ ಮಗಳೇ. ಮನಸ್ಸು ನೋಯ್ತಿದೆ ಅಲ್ವಾ? ನೋಯ್ಬೇಕು. ಅದು ಒಳ್ಳೇ ಲಕ್ಷಣ" ಎಂದರು. "ನಾನು ಆಸ್ಪತ್ರೆಯವರ ಹತ್ರ ಮಾತಾಡಿದೀನಿ. ಮುಂದಿನ ಸಲ ಅರ್ಜಿ ವಾಪಸ್ ತಗೊಳ್ತೀವಿ. ಅವಳಿಗೆ ಟೆಲಿಫೋನ್ ಹತ್ರ ಕೂರೋ ಕೆಲಸ ಕೊಡ್ತಾರೆ. ನಮ್ಮ ಮನೆ ಜಗಳ, ಮನೆಯೊಳಗೇ ಮುಗೀಲಿ."

"ಫಾದರ್, ಎತ್ತು ಅಂತ ಹೇಳಿದ್ದು ಸಿಸ್ಟರ್."

"ಸಿಸ್ಟರ್‌ಗೆ ಅದು ನೆನಪಿಲ್ಲವಂತೆ. ವಯಸ್ಸಾಗಿದೆ."

"ಅಕ್ಕ ಅದನ್ನ ಮೊದಲ ದಿನವೇ ನನಗೆ ಹೇಳಿದ್ರು. ಕೇಸು ಇನ್ನೂ ಹಾಕಿರಲಿಲ್ಲ, ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನಾನು ಸಾಕ್ಷಿ ಹೇಳ್ತೀನಿ."

ಫಾದರ್ ಬಹಳ ಮೃದುವಾಗಿ ತಲೆಯಾಡಿಸಿದರು. "ಕಕ್ಷಿದಾರರು ನಂಬಿ ಹೇಳಿದ್ದನ್ನ ನಾವು ಹೊರಗೆ ಹೇಳೋ ಹಾಗಿಲ್ಲ. ನಾನೇ ಕಲಿಸಿದ್ದಲ್ವಾ?"

ಹುಡುಗಿಗೆ ಒಂದು ಕ್ಷಣ ನಗು ಬಂದಂತಾಯಿತು. "ಹೇಳಿ ಆಗಿದೆಯಲ್ಲ ಫಾದರ್. ನಿಮ್ಮ ತರಗತೀಲೇ ಹೇಳಿದೆ. ನೀವೂ ಚಪ್ಪಾಳೆ ತಟ್ಟಿದ್ರಿ."

ಫಾದರ್ ತಮ್ಮ ಬೂಟಿನ ತುದಿಯನ್ನು ನೋಡಿಕೊಂಡರು. ಅದು ಚೆನ್ನಾಗಿ ಹೊಳೆಯುತ್ತಿತ್ತು. "ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿಸ್ಬೇಡ" ಎಂದರು ಕೊನೆಗೆ. "ಪಾಪನಿವೇದನೆ ಮಾಡು. ಹಗುರಾಗುತ್ತೆ."

ಹಗುರಾಗುವುದು ಎಂಬ ಮಾತು ಅವಳ ಹಿಂದೆಯೇ ಕಾರಿಡಾರಿನ ತುದಿಯವರೆಗೂ ಬಂತು. ಕದ್ದ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ಕ್ಷಮೆ ಕೇಳಲು ಬರಬೇಡಿ, ಮೊದಲು ಹೋಗಿ ಕೊಟ್ಟು ಬನ್ನಿ ಎಂದು ಇದೇ ಫಾದರ್ ಕಳೆದ ವರ್ಷ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವಳೇ ಎಲ್ಲರಿಗಿಂತ ಚೆನ್ನಾಗಿ ಉತ್ತರ ಬರೆದಿದ್ದಳು.

ಇಸ್ತ್ರಿಯಕ್ಕನ ಮನೆ ಬೇಕರಿಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆ. ಬಾಗಿಲಲ್ಲೇ ಮೇಜು ಹಾಕಿಕೊಂಡು ಅವಳ ನಾದಿನಿ ನೆರೆಹೊರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಯಕ್ಕ ಮಂಚದ ಮೇಲೆ ಕೂತು, ಯಾರದೋ ಅಂಗಿಯ ಗುಂಡಿಗಳನ್ನು ಎಡಗೈಯಿಂದ ಹಾಕುವುದು, ಬಿಚ್ಚುವುದು ಮಾಡುತ್ತಿದ್ದಳು.

"ಬಂದ್ರು ನೋಡಿ ಅತ್ತಿಗೆ, ನಿಮ್ಮ ಲಾಯರಮ್ಮ" ಎಂದಳು ನಾದಿನಿ, ತಲೆಯೆತ್ತದೆ. "ಏನೂ ಮಾತಾಡ್ಬೇಡಿ ಮತ್ತೆ. ನಾಳೆ ಚರ್ಚಿನ ಮೈಕಿನಲ್ಲಿ ಕೇಳಿಸುತ್ತೆ."

"ನೀನು ಕಾಲರ್ ಸುಡ್ತಾ ಇದೀಯ, ಅದನ್ನ ನೋಡು" ಎಂದಳು ಇಸ್ತ್ರಿಯಕ್ಕ. ಹುಡುಗಿಯತ್ತ ಗದ್ದ ಎತ್ತಿದಳು. "ಏನು?"

"ತಪ್ಪಾಯ್ತು ಅಕ್ಕ. ಕ್ಷಮಿಸಿ."

"ಆಗಲ್ಲ" ಎಂದಳು ಇಸ್ತ್ರಿಯಕ್ಕ. ಅಂಗಿ ಇನ್ನೂ ಒಣಗಿಲ್ಲ, ನಾಳೆ ಬನ್ನಿ ಎನ್ನುವಷ್ಟೇ ಸಲೀಸಾಗಿ. "ಫಾದರೂ ನಿನ್ನೆ ಬಂದು ಇದೇ ಹೇಳಿದ್ರು. ಕ್ಷಮಿಸ್ಬಿಡು, ಮಗು ಅದು, ಅಂತ. ಕ್ಷಮಿಸಿದ್ರೆ ನಿಮಗೆಲ್ಲ ನಿದ್ದೆ ಬರುತ್ತೆ. ನನಗೆ ಬೆರಳು ಬರುತ್ತಾ? ಟೆಲಿಫೋನ್ ಎತ್ತೋಕೆ ಒಂದು ಕೈ ಸಾಕಂತೆ. ಇವರ ಲೆಕ್ಕದಲ್ಲಿ ದೇವರು ನನಗೆ ಒಂದು ಕೈ ದಂಡಕ್ಕೆ ಕೊಟ್ಟಿದ್ದ."

ನಾದಿನಿ ಕಿಸಕ್ಕನೆ ನಕ್ಕಳು. ಇಸ್ತ್ರಿಯಕ್ಕ ನಗಲಿಲ್ಲ.

"ಅವತ್ತು ಯಾಕೆ ನಾನೇ ಅಂದ್ಬಿಟ್ರಿ ಅಕ್ಕ? ನೆನಪಿಲ್ಲ ಅನ್ಬಹುದಿತ್ತಲ್ಲ."

"ಸಿಸ್ಟರ್ ಹಾಗೆ?" ಅವಳು ಬಟ್ಟೆ ಸುತ್ತಿದ ಕೈಯನ್ನು ಸ್ವಲ್ಪ ಎತ್ತಿದಳು. "ಬೈಬಲ್ ಮೇಲೆ ಇಟ್ಟಿದ್ದು ಇದೇ ಕೈ. ಇಷ್ಟು ಉಳಿದಿರೋದರಲ್ಲೂ ಸುಳ್ಳು ಹೇಳ್ಲಾ?"

ಬಿಸಿ ಬಟ್ಟೆಯ ವಾಸನೆ ಕೋಣೆಯ ತುಂಬ ಇತ್ತು. ಹುಡುಗಿ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

"ಅವತ್ತು ನಾನು ಓದಿದ್ದು ಅರ್ಧ ಮಾತ್ರ ಅಕ್ಕ. ಸಿಸ್ಟರ್ ಕೂಗಿದ್ದನ್ನ ನಾನೇ ತೆಗೆದುಹಾಕಿದ್ದೆ. ಚೆನ್ನಾಗಿ ಕಾಣ್ಲಿ ಅಂತ." ಇದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. "ಆ ಅರ್ಧ ಅಧಿಕಾರಿ ಮುಂದೆ ಹೇಳ್ತೀನಿ. ಆದ್ರೆ ಮಾತು ನಿಮ್ಮದು. ನೀವು ಹೇಳು ಅಂದ್ರೆ ಮಾತ್ರ ನಾನು ಬಾಯಿ ಬಿಡಬಹುದು. ಕಾನೂನೇ ಹಾಗೆ."

"ಅವತ್ತು ನನ್ನ ಕೇಳಿ ಓದಿದ್ರಾ?"

"ಇಲ್ಲ ಅಕ್ಕ."

"ಚೆನ್ನಾಗಿ ಕಾಣ್ಲಿ ಅಂತ" ಎಂದು ಇಸ್ತ್ರಿಯಕ್ಕ ತನ್ನಷ್ಟಕ್ಕೆ ಹೇಳಿಕೊಂಡಳು. ಗುಂಡಿಯೊಂದು ಕಾಜಿನೊಳಗೆ ಹೋಗದೆ ಮತ್ತೆ ಮತ್ತೆ ಜಾರುತ್ತಿತ್ತು. ಹುಡುಗಿಯ ಕೈ ತಾನಾಗಿಯೇ ಮುಂದೆ ಚಾಚಿತು. "ಬೇಡ" ಎಂದಳು ಇಸ್ತ್ರಿಯಕ್ಕ. ಗುಂಡಿ ಹಾಕಿ ಮುಗಿಸಿದ ಮೇಲೆ ಹೇಳಿದಳು: "ಹೇಳಿ. ಹೋಗಿ ಎಲ್ಲಾನೂ ಹೇಳಿ. ಆದ್ರೆ ಕ್ಷಮೆ ಸಿಗುತ್ತೆ ಅಂತ ಹೇಳ್ಬೇಡಿ. ಅದು ನನ್ನ ಹತ್ರ ಇಲ್ಲ."

ಮುಂದಿನ ವಿಚಾರಣೆಯ ಬೆಳಿಗ್ಗೆ ಅಮ್ಮ ಸಮವಸ್ತ್ರ ತೊಟ್ಟು ಹೊರಟು ನಿಂತವಳು ಬಾಗಿಲಲ್ಲಿ ಹಿಂತಿರುಗಿ ನೋಡಿದಳು. ಮಗಳ ಕರಿ ಕೋಟನ್ನು, ಕಟ್ಟಿದ ಜಡೆಯನ್ನು, ಬಿಳಿಚಿದ ತುಟಿಯನ್ನು ನೋಡಿದಳು. "ಏನಾದ್ರೂ ತಿಂದು ಹೋಗು. ನಿಂತು ಮಾತಾಡೋವಾಗ ತಲೆ ಸುತ್ತುತ್ತೆ" ಎಂದಳು.

ಅಧಿಕಾರಿಯ ಕೋಣೆಯಲ್ಲಿ ಫ್ಯಾನು ತನ್ನ ಪಾಡಿಗೆ ಕಿರುಗುಟ್ಟುತ್ತಿತ್ತು. ಸಿಸ್ಟರ್ ಬಂದಿರಲಿಲ್ಲ. ಆಸ್ಪತ್ರೆಯ ವಕೀಲರು ಫಾದರ್ ಜೊತೆ ಯಾವುದೋ ಮದುವೆಯ ಬಗ್ಗೆ ಮಾತಾಡಿ ನಗುತ್ತಿದ್ದರು. ಇಸ್ತ್ರಿಯಕ್ಕ ಕೈಗೆ ಸುತ್ತಿದ್ದ ಬಟ್ಟೆಯನ್ನು ಅಂದು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು. ಕೈಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಇಟ್ಟಿದ್ದಳು. ನೋಡಬಾರದೆಂದು ಅಧಿಕಾರಿ ಕಾಗದಗಳನ್ನೇ ನೋಡುತ್ತಿದ್ದರು.

"ಅರ್ಜಿದಾರರ ಕಡೆಯಿಂದ ಇನ್ನೇನಾದರೂ ಸಾಕ್ಷಿ?"

"ಇಲ್ಲ ಸ್ವಾಮಿ" ಎಂದರು ಫಾದರ್, ಎದ್ದು. "ಅರ್ಜಿದಾರರು ಅರ್ಜಿಯನ್ನು..."

ಬೆಂಚು ಸರಿದ ಸದ್ದಾಯಿತು. ಹುಡುಗಿ ಎದ್ದು ನಿಂತಿದ್ದಳು. ತರಗತಿಯಲ್ಲಿ ಏರಬೇಕಾದಲ್ಲಿ ಏರಿದ್ದ ದನಿ ಈಗ ಮೊದಲ ಅಕ್ಷರಕ್ಕೇ ಒಡೆಯಿತು. ಕೆಮ್ಮಿ ಸರಿಮಾಡಿಕೊಂಡಳು. "ಸಾರ್, ಇವರು ನನಗೆ ಮೊದಲ ದಿನ ಹೇಳಿದ್ದನ್ನ ನಾನು ಹೇಳ್ಬೇಕು. ಇವರು ಒಪ್ಪಿದಾರೆ. ಅದರಲ್ಲಿ ಅರ್ಧ ಈಗಾಗಲೇ ನನ್ನಿಂದ ಹೊರಗೆ ಹೋಗಿದೆ."

ಆಸ್ಪತ್ರೆಯ ವಕೀಲರು ನಕ್ಕರು. "ಇದು ತರಗತಿ ಅಲ್ಲಮ್ಮ."

ಅಧಿಕಾರಿ ಪೆನ್ನು ಕೆಳಗಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದರು. ಫಾದರ್ ಹಿಂದೆ ತಿರುಗಿದರು. ಅಪ್ಪನ ಸಮಾಧಿಯ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದವರ ಅದೇ ಮುಖ, ಬೆವರಿತ್ತು.

"ಕೂತ್ಕೋ ಮಗಳೇ" ಎಂದರು.

ಹುಡುಗಿ ಮುಂದಿನ ಬೆಂಚಿನ ಒರಗನ್ನು ಹಿಡಿದುಕೊಂಡಳು.

"ಕೂತ್ಕೋ" ಎಂದರು ಫಾದರ್ ಮತ್ತೊಮ್ಮೆ. ಈ ಸಲ ಮಗಳೇ ಎನ್ನಲಿಲ್ಲ.

"ಇಲ್ಲ ಫಾದರ್."

ಇಸ್ತ್ರಿಯಕ್ಕ ಹಿಂತಿರುಗಿ ನೋಡಲಿಲ್ಲ. ಮಡಿಲಲ್ಲಿದ್ದ ಬಿಳಿ ಬಟ್ಟೆಯನ್ನು ಎಡಗೈಯಿಂದ ಮೇಜಿನ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಮಡಿಕೆಯ ಮೇಲೆ ಅಂಗೈ ಊರಿ, ಸುಕ್ಕು ಹೋಗುವವರೆಗೂ ನಿಧಾನವಾಗಿ ಒತ್ತತೊಡಗಿದಳು.